ಕಾಲು ಸುತ್ತು

ಸಂಕೇಶ್ವರದಲ್ಲಿ ರಿಪೇರಿಯಾಗದ ವಸ್ತು ಯಾವುದು ಎಂದು ಯಾರಾದರೂ ಕೇಳಿದರೆ ನಾವು ಸ್ವಲ್ಪ ತಲೆ ಕೆರೆದುಕೊಳ್ಳಬೇಕಾಗುತ್ತದೆ. ಪುಣೆ–ಬೆಂಗಳೂರು ಹೆದ್ದಾರಿ ಊರಿಗೆ ಮೈತಾಗಿಸಿಕೊಂಡೇ ಹೋಗುವುದರಿಂದ ಲಾರಿಯ ಆಕ್ಸಲ್ಲಿನಿಂದ ಹಿಡಿದು ಡ್ರೈವರನ ಮುಂದಿರುವ ದೇವರ ಫೋಟೋದ ಮಿಣಿಮಿಣಿ ದೀಪದವರೆಗೆ ಎಲ್ಲಕ್ಕೂ ಇಲ್ಲಿ ಒಬ್ಬೊಬ್ಬ ಮಿಸ್ತ್ರಿ ಇದ್ದಾನೆ. ಹಿರಣ್ಯಕೇಶಿ ದಂಡೆಯ ಪಂಪ್‌ಸೆಟ್ಟಿನ ಮೋಟಾರು ಸುಟ್ಟರೆ ಹೊತ್ತು ಮುಳುಗುವುದರೊಳಗೆ ಹೊಸ ಕಾಯಿಲ್ ಸುತ್ತಿ ಕೊಡುತ್ತಾರೆ. ಸಕ್ಕರೆ ಕಾರ್ಖಾನೆಯ ಹಂಗಾಮು ಶುರುವಾಯಿತೆಂದರೆ ಕಬ್ಬಿನ ಟ್ರ್ಯಾಕ್ಟರುಗಳನ್ನು ನಡುರಾತ್ರಿ ರಸ್ತೆಯ ಮೇಲೇ ಬಿಚ್ಚಿ, ರಸ್ತೆಯ ಮೇಲೇ ಜೋಡಿಸಿ, ಉಳಿದ ಒಂದೆರಡು ನಟ್ಟುಗಳನ್ನು ಕಿಸೆಗೆ ಹಾಕಿಕೊಂಡು ಮನೆಗೆ ಹೋಗುವವರಿದ್ದಾರೆ. ಇಂಥ ಊರಿಗೆ ನನ್ನ ಅಕ್ಕನ ಮಗ ಪುಣೆಯಿಂದ ಒಂದು ಹಳೆಯ ಎಲೆಕ್ಟ್ರಿಕ್ ಗಿಟಾರ್ ತಂದು, “ಮಾಮಾ, ಇದನ್ನ ಇಲ್ಲಿ ಯಾರ ಸೆಟಪ್ ಮಾಡ್ತಾರ?” ಎಂದು ಕೇಳಿದ. ಊರಿನ ಮರ್ಯಾದೆಯ ಪ್ರಶ್ನೆ. “ಮಾಡ್ತಾರ, ತಗೊಂಡ್ ಬಾ” ಎಂದೆ.

ಸೆಟಪ್ ಎಂದರೇನೆಂದು ನನಗೆ ಆಮೇಲೆ ತಿಳಿಯಿತು. ಗಿಟಾರ್ ಕೆಟ್ಟಿರಲಿಲ್ಲ. ತಂತಿಗಳು ಫ್ರೆಟ್ಟಿನಿಂದ, ಅಂದರೆ ಕುತ್ತಿಗೆಯ ಮೇಲಿನ ಮೆಟ್ಟಿಲುಗಳಿಂದ, ಬಹಳ ಎತ್ತರದಲ್ಲಿದ್ದವು. ಒತ್ತಿದರೆ ಬೆರಳಿನ ಮೇಲೆ ಗೆರೆ ಬೀಳುತ್ತಿತ್ತು. ಮೇಲಿನ ಸ್ವರಗಳಿಗೆ ಹೋದಂತೆ ಶ್ರುತಿ ಏರುತ್ತಿತ್ತು. ಎರಡು ಮೂರು ಜಾಗದಲ್ಲಿ ಬಾಟಲಿಯೊಳಗೆ ಸಿಕ್ಕ ನೊಣದ ಹಾಗೆ ಜುಯ್ ಎನ್ನುತ್ತಿತ್ತು. ವಾದ್ಯ ಕೆಟ್ಟಿಲ್ಲ, ಆದರೆ ನುಡಿಸುವವನ ಜೊತೆ ಅದಕ್ಕೆ ಹೊಂದಾಣಿಕೆಯಿಲ್ಲ ಎನ್ನುವ ಸ್ಥಿತಿ. ಇದಕ್ಕೆ ಬೆಂಗಳೂರಿನಲ್ಲಿ, ಪುಣೆಯಲ್ಲಿ ಪ್ರತ್ಯೇಕ ತಂತ್ರಜ್ಞರಿದ್ದಾರೆ, ತಿಂಗಳುಗಟ್ಟಲೆ ಸರದಿ ಇರುತ್ತದೆ, ಫೀಸೂ ಜೋರು. ಹುಡುಗ ಹೇಳಿದ ಮೊತ್ತ ಕೇಳಿ ಅಕ್ಕ, “ಅಷ್ಟಕ್ಕ ಹೊಸಾ ತಬಲಾ ಜೋಡಿ ಬರ್ತೈತಿ” ಎಂದಳು.

ಗಿಟಾರಿನದು ಸ್ಟ್ರ್ಯಾಟೋಕಾಸ್ಟರ್ ಮಾದರಿ. 1954ರಲ್ಲಿ ಅಮೆರಿಕದ ಲಿಯೋ ಫೆಂಡರ್ ಈ ಮಾದರಿಯನ್ನು ಮಾರುಕಟ್ಟೆಗೆ ತಂದ. ಮನುಷ್ಯ ರೇಡಿಯೋ ರಿಪೇರಿ ಅಂಗಡಿಯವನು. ಗಿಟಾರ್ ನುಡಿಸಲು ಬರುತ್ತಿರಲಿಲ್ಲ. ಈ ಸಂಗತಿ ನನಗೆ ತುಂಬ ಧೈರ್ಯ ಕೊಟ್ಟಿತು. ರೇಡಿಯೋ ರಿಪೇರಿಯವನು ಹುಟ್ಟಿಸಿದ ವಾದ್ಯವನ್ನು ಸಂಕೇಶ್ವರದ ಮಿಸ್ತ್ರಿಗಳು ಸರಿ ಮಾಡಲಾರರೇ? ಎಲ್ಲವೂ ಸ್ಕ್ರೂ. ಕುತ್ತಿಗೆಯನ್ನು ಮೈಗೆ ಕೂಡಿಸಿದ್ದು ನಾಲ್ಕು ಸ್ಕ್ರೂಗಳಿಂದ, ಒಂದೊಂದು ತಂತಿಯ ಕೆಳಗೂ ಪುಟ್ಟ ಸ್ಕ್ರೂ, ಹಿಂದಿನಿಂದಲೂ ಒಂದು ಸ್ಕ್ರೂ. ವೀಣೆಯ ಮೇಣದ ಮೆಟ್ಟಿಲುಗಳ ಮುಂದೆ ನಿಂತಾಗ ಹುಟ್ಟುವ ಭಯಭಕ್ತಿ ಇಲ್ಲಿ ಹುಟ್ಟುವುದಿಲ್ಲ. ಕೈ ತಾನಾಗಿ ಸ್ಕ್ರೂಡ್ರೈವರಿನ ಕಡೆಗೆ ಹೋಗುತ್ತದೆ.

ಮೊದಲು ಕುತ್ತಿಗೆ. ಆರು ತಂತಿಗಳೂ ಶ್ರುತಿಯಲ್ಲಿದ್ದಾಗ ಆ ಮರದ ಪಟ್ಟಿಯನ್ನು ಸುಮಾರು ನಲವತ್ತು ಕಿಲೋ ಬಲದಿಂದ ಜಗ್ಗುತ್ತಿರುತ್ತವೆ, ನಮ್ಮ ಸಕ್ಕರೆ ಚೀಲಕ್ಕೆ ಹತ್ತೇ ಕಿಲೋ ಕಡಿಮೆ. ಹಗಲೂ ರಾತ್ರಿ ಹೀಗೆ ಜಗ್ಗಿದರೆ ಯಾವ ಕುತ್ತಿಗೆಯಾದರೂ ಮುಂದಕ್ಕೆ ಬಾಗುತ್ತದೆ. ಅದಕ್ಕೇ ಮರದೊಳಗೆ ಉಕ್ಕಿನ ಒಂದು ಸರಳು ಹುದುಗಿಸಿರುತ್ತಾರೆ. ಟ್ರಸ್ ರಾಡ್ ಅಂತ ಹೆಸರು. ಗಿಬ್ಸನ್ ಕಂಪನಿಯಲ್ಲಿದ್ದ ಥ್ಯಾಡಿಯಸ್ ಮ್ಯಾಕ್‌ಹ್ಯೂ ಎಂಬಾತನಿಗೆ ಇದರ ಪೇಟೆಂಟ್ 1923ರಲ್ಲಿ ಸಿಕ್ಕಿತು. ಅದರ ತುದಿಯ ನಟ್ಟನ್ನು ಬಿಗಿ ಮಾಡಿದರೆ ಕುತ್ತಿಗೆ ಹಿಂದಕ್ಕೆ ಬಂದು ನೆಟ್ಟಗಾಗುತ್ತದೆ, ಸಡಿಲಿಸಿದರೆ ತಂತಿಗಳು ಗೆದ್ದು ಮುಂದಕ್ಕೆ ಬಾಗುತ್ತದೆ. ಒಂದು ಸಲಕ್ಕೆ ಕಾಲು ಸುತ್ತಿಗಿಂತ ಹೆಚ್ಚು ತಿರುಗಿಸಬಾರದು. ತಿರುಗಿಸಿ, ಶ್ರುತಿ ಮಾಡಿ, ಮರ ಹೊಂದಿಕೊಳ್ಳಲು ಬಿಟ್ಟು, ಮರುದಿನ ಮತ್ತೆ ನೋಡಬೇಕು. ಜೋರು ಮಾಡಿದರೆ ಸರಳೇ ಕಡಿಯುತ್ತದೆ. ಕಾಲು ಸುತ್ತು ತಿರುಗಿಸಿ ಸುಮ್ಮನೆ ಕೂಡುವುದು ನಮ್ಮ ಕಡೆಯವರ ಜಾಯಮಾನಕ್ಕೆ ಒಗ್ಗದ ಕೆಲಸ. ನಮ್ಮಲ್ಲಿ ನಟ್ಟು ಬಿಗಿಯುವುದೆಂದರೆ ಕಾಲು ಕೊಟ್ಟು ಬಿಗಿಯುವುದು.

ಕೀಲಿಯದೇ ಒಂದು ಅಧ್ಯಾಯ. ಸೈಕಲ್ ಅಂಗಡಿಯಲ್ಲಿ ಸಿಗುವ ಅಲೆನ್ ಕೀಗಳೆಲ್ಲ ಮಿಲಿಮೀಟರಿನವು. ಅಮೆರಿಕದ ಅಳತೆಯ ಗಿಟಾರಿಗೆ ಬೇಕಾದದ್ದು ಇಂಚಿನ ಎಂಟನೆಯ ಒಂದು ಭಾಗ, ಅಂದರೆ 3.175 ಮಿಲಿಮೀಟರ್. 3ರ ಕೀಲಿ ಸಲೀಸಾಗಿ ಒಳಗೆ ಹೋಗುತ್ತದೆ, ಕಚ್ಚಿಕೊಂಡ ಹಾಗೆ ನಟಿಸುತ್ತದೆ, ತಿರುಗಿಸಿದರೆ ತಾನೊಂದೇ ತಿರುಗಿ ನಟ್ಟಿನ ಮೂಲೆಗಳನ್ನು ಸವರಿ ಗುಂಡಗೆ ಮಾಡುತ್ತದೆ. ಆಮೇಲೆ ಯಾವ ಕೀಲಿಯೂ ಹಿಡಿಯುವುದಿಲ್ಲ. ಸೈಕಲ್ ಅಂಗಡಿಯವರು ಇದನ್ನು ಕೇಳಿ, “ಹಂಗಾದ್ರ ಮೊದಲ ಸರ್ಕಾರ ಬದಲಿ ಮಾಡಬೇಕಿತ್ರಿ” ಎಂದರು. ಯಾವ ಸರ್ಕಾರ ಎಂದು ನಾನು ಕೇಳಲಿಲ್ಲ. ಅವರ ಡಬ್ಬಿಯ ತಳದಲ್ಲಿ ಯಾವುದೋ ಕಾಲದ ಇಂಚಿನ ಕೀಲಿ ತುಕ್ಕು ಹಿಡಿದು ಬಿದ್ದಿತ್ತು.

ಕುತ್ತಿಗೆ ಪೂರ್ತಿ ನೆಟ್ಟಗಿರಬಾರದು ಎನ್ನುವುದು ಇನ್ನೊಂದು ಸೂಕ್ಷ್ಮ. ಮೀಟಿದ ತಂತಿ ನಡುವಿನಲ್ಲಿ ಹೊಟ್ಟೆ ಬಿಟ್ಟು ಆಡುತ್ತದೆ. ಅದಕ್ಕೆ ಜಾಗ ಕೊಡಲು ಕುತ್ತಿಗೆಯಲ್ಲಿ ಕಂಡೂ ಕಾಣದಷ್ಟು ಕುಳಿ ಬೇಕು. ಮೊದಲ ಫ್ರೆಟ್ಟಿನಲ್ಲೂ ಕುತ್ತಿಗೆ ಮೈಗೆ ಸೇರುವ ಕಡೆಯ ಫ್ರೆಟ್ಟಿನಲ್ಲೂ ದಪ್ಪ ತಂತಿಯನ್ನು ಒತ್ತಿ ಹಿಡಿದರೆ ತಂತಿಯೇ ಗೆರೆಪಟ್ಟಿಯಾಗುತ್ತದೆ. ಆಗ ಏಳನೆಯ ಫ್ರೆಟ್ಟಿನ ನೆತ್ತಿಗೂ ತಂತಿಗೂ ನಡುವೆ ಮಿಲಿಮೀಟರಿನ ಕಾಲು ಭಾಗ, ಅಥವಾ ಅದಕ್ಕಿಂತ ತುಸು ಕಡಿಮೆ ಸಂದು ಇದ್ದರೆ ಸರಿ. ಅಳೆಯಲು ಫಿಲ್ಲರ್ ಗೇಜ್ ಬೇಕು ಎಂದು ಹುಡುಗ ಆನ್‌ಲೈನಿನಲ್ಲಿ ಹುಡುಕತೊಡಗಿದ. ನಾನು ಅವನನ್ನು ನೇರ ಟ್ರ್ಯಾಕ್ಟರ್ ಗ್ಯಾರೇಜಿಗೆ ಕರೆದುಕೊಂಡು ಹೋದೆ. ಟ್ಯಾಪೆಟ್ಟಿನ ಸಂದು ಹೊಂದಿಸಲು ಅವರು ದಿನಾ ಬಳಸುವುದು ಅದೇ ಗೇಜು, ಹೆಚ್ಚುಕಡಿಮೆ ಅದೇ ಅಳತೆ.

“ಯಾವ ಗಾಡಿರಿ?” ಮಿಸ್ತ್ರಿ ಬಗ್ಗಿದ ತಲೆ ಎತ್ತದೆ ಕೇಳಿದ.

“ಗಿಟಾರ್.”

“ಎಷ್ಟ ಎಚ್‌ಪಿ?”

ವಾದ್ಯವನ್ನು ನೋಡಿದ ಮೇಲೆ ಕೈ ಒರೆಸಿಕೊಂಡು ಬಂದು ತಾನೇ ಅಳೆದ. ಗೇಜಿನ ಎಲೆ ಸಂದಿನೊಳಗೆ ಹೋಗುವಾಗ ತಂತಿಯನ್ನು ಎತ್ತಬಾರದು, ಸುಮ್ಮನೆ ಸವರಿಕೊಂಡು ಹೋಗಬೇಕು. ಆ ಸ್ಪರ್ಶ ಅವನ ಬೆರಳಿಗೆ ಮೊದಲೇ ಗೊತ್ತಿತ್ತು. ಎಲೆಯ ಮೇಲಿದ್ದ ಗ್ರೀಸು ಮಾತ್ರ ಎರಡು ಫ್ರೆಟ್ಟಿಗೆ ಹತ್ತಿತು. “ನಲವತ್ತ ಪಾಯಿಂಟ್ ಐತಿ, ಬಾಳ ಆತು” ಎಂದ. ಬಾಳ ಆಗಿತ್ತು. ಕಾಲು ಸುತ್ತು ಬಿಗಿದು ಮನೆಗೆ ಬಂದೆವು, ಮರುದಿನ ಮತ್ತೆ ಹೋದೆವು. ದುಡ್ಡು ತೆಗೆದುಕೊಳ್ಳಲಿಲ್ಲ. “ಒಂದ್ ಹಾಡ ಬಾರಿಸ್ರಿ ಸಾಕು” ಎಂದ. ಗಿಟಾರ್ ಕರೆಂಟಿನದು, ಸ್ಪೀಕರ್ ಮನೆಯಲ್ಲಿದೆ ಎಂದು ಹುಡುಗ ಹೇಳಿದಾಗ ಇಡೀ ಗ್ಯಾರೇಜಿಗೆ ಆದ ನಿರಾಸೆ ನೋಡಬೇಕಿತ್ತು.

ಕುತ್ತಿಗೆ ಸರಿಯಾದ ಮೇಲೆಯೇ ತಂತಿಯ ಎತ್ತರಕ್ಕೆ ಕೈ ಹಾಕಬೇಕು. ಇದನ್ನು ತಿರುಗಾಮುರುಗಾ ಮಾಡಿದರೆ ಮಾಡಿದ್ದೆಲ್ಲ ಮತ್ತೆ ಮಾಡಬೇಕು. ಹನ್ನೆರಡನೆಯ ಫ್ರೆಟ್ಟಿನ ಮೇಲೆ ಸಣ್ಣ ತಂತಿಗೆ ಒಂದೂವರೆ ಮಿಲಿಮೀಟರಿನ ಆಸುಪಾಸು, ದಪ್ಪ ತಂತಿಗೆ ಎರಡು, ಇದು ಸಾಮಾನ್ಯ ವಾಡಿಕೆ. ಇನ್ನೂ ಇಳಿಸು, ಇನ್ನೂ ಇಳಿಸು ಎನ್ನುವುದು ಗಿಟಾರಿಗರ ಚಟ. ನನ್ನ ಅಭಿಪ್ರಾಯ ಕೇಳಿದರೆ ತಂತಿ ತುಸು ಎತ್ತರವೇ ಇರಲಿ. ಬೆರಳಿಗೆ ಒತ್ತಲು ಏನಾದರೂ ಸಿಗಬೇಕು, ಮೀಟಿದ್ದಕ್ಕೆ ಉಸಿರಾಡಲು ಜಾಗ ಇರಬೇಕು. ನನಗೆ ಗಿಟಾರ್ ನುಡಿಸಲು ಬಾರದಾದ್ದರಿಂದ ನನ್ನ ಅಭಿಪ್ರಾಯ ಯಾರೂ ಕೇಳಲಿಲ್ಲ. ಲಿಯೋ ಫೆಂಡರನನ್ನು ನೆನೆದು ಸುಮ್ಮನಾದೆ.

ತಲೆಯ ಕಡೆ ತಂತಿಗಳು ಹಾದುಹೋಗುವ ಪುಟ್ಟ ಪಟ್ಟಿಗೂ ನಟ್ ಎಂದೇ ಹೆಸರು. ಇದು ಎಲುಬಿನದು. ಅದರ ಗೀರುಗಳು ಆಳ ಸಾಲದೆ ಮೊದಲ ಫ್ರೆಟ್ಟಿನಲ್ಲಿ ತಂತಿ ಒತ್ತಲು ಹರಸಾಹಸವಾಗುತ್ತಿತ್ತು. ಈ ಗೀರು ತಿದ್ದುವ ಅರಗಳು ವಿದೇಶದಿಂದ ಬರುತ್ತವೆ, ಬೆಲೆ ಕೇಳಿದರೆ ಗಿಟಾರೇ ಅಗ್ಗ ಅನ್ನಿಸುತ್ತದೆ. ಪೇಟೆಯ ಅಕ್ಕಸಾಲಿಗರೊಬ್ಬರ ಹತ್ತಿರ ಸೂಜಿಯಂಥ ಅರಗಳ ಕಟ್ಟೇ ಇದೆ. ಅವರು ಗಿಟಾರನ್ನು ತೊಡೆಯ ಮೇಲೆ ಮಲಗಿಸಿಕೊಂಡು, ಕಣ್ಣಿಗೆ ಬೂದುಗಾಜು ಸಿಕ್ಕಿಸಿಕೊಂಡು, ಅಭ್ಯಾಸದಂತೆ ಕೆಳಗೆ ಒಂದು ಕಾಗದ ಹಾಸಿದರು. ಮೂರನೆಯ ಫ್ರೆಟ್ಟಿನಲ್ಲಿ ತಂತಿ ಒತ್ತಿದಾಗ ಮೊದಲ ಫ್ರೆಟ್ಟಿನ ಮೇಲೆ ಕೂದಲೆಳೆಯಷ್ಟು ಸಂದು ಉಳಿಯಬೇಕು ಎಂದು ಹುಡುಗ ವಿವರಿಸಿದ. “ಯಾರ ಕೂದಲ?” ಎಂದು ಕೇಳಿ, ಉತ್ತರಕ್ಕೆ ಕಾಯದೆ ಎರಡು ಎಳೆತ ಎಳೆದು, ಊದಿ, ನೋಡಿ, ಮತ್ತೆ ಒಂದು ಎಳೆತ. “ಬಂಗಾರಾದ್ರ ಹೆಚ್ಚ ತಿಂದ್ರೂ ಕರಗಿಸಿ ಮತ್ತ ಮಾಡಬಹುದು. ಎಲುಬಿಗೆ ಆ ಸೌಲಭ್ಯ ಇಲ್ಲ” ಎನ್ನುತ್ತ ಆರು ಗೀರುಗಳಿಗೆ ಒಂದು ಮಧ್ಯಾಹ್ನವನ್ನೇ ಕೊಟ್ಟರು. ಕೆಲಸ ಮುಗಿದಾಗ ಕಾಗದದ ಮೇಲೆ ಬಿದ್ದಿದ್ದ ಚಿಟಿಕೆ ಎಲುಬಿನ ಪುಡಿಯನ್ನು ಮಡಿಚಿ ಗಲ್ಲಾಪೆಟ್ಟಿಗೆಯಲ್ಲಿಟ್ಟು, ಆಮೇಲೆ ತಾವೇ ನಕ್ಕು ಹೊರಗೆ ಜಾಡಿಸಿದರು. ಗೀರಿನಲ್ಲಿ ತಂತಿ ಸಿಕ್ಕಿಕೊಳ್ಳದಂತೆ ಪೆನ್ಸಿಲ್ಲಿನ ಸೀಸ ತಿಕ್ಕುವುದು ಗಿಟಾರಿಗರ ಹಳೆಯ ಉಪಾಯ. ಅದನ್ನು ಪಕ್ಕದ ಮನೆಯ ಮೂರನೇ ಕ್ಲಾಸಿನ ಹುಡುಗಿ ನೆರವೇರಿಸಿದಳು.

ಇನ್ನು ಕರೆಂಟಿನ ಭಾಗ. ತಂತಿಗಳ ಕೆಳಗೆ ಇರುವ ಪಿಕಪ್ ಎಂದರೆ ಆಯಸ್ಕಾಂತದ ಸುತ್ತ ತಾಮ್ರದ ಎಳೆ. ಉಕ್ಕಿನ ತಂತಿ ಅದರ ಮೇಲೆ ಅಲುಗಾಡಿದರೆ ಎಳೆಯಲ್ಲಿ ಸಣ್ಣ ವಿದ್ಯುತ್ತು ಹುಟ್ಟುತ್ತದೆ. ಮೋಟಾರು ಸುತ್ತುವವರಿಗೆ ಒಂದನ್ನು ಬಿಚ್ಚಿ ತೋರಿಸಿದೆವು. ಮಿಲಿಮೀಟರಿನ ಹದಿನಾರನೆಯ ಒಂದು ಭಾಗದಷ್ಟು ದಪ್ಪದ ಎಳೆ, ಎಂಟು ಸಾವಿರದ ಸುಮಾರು ಸುತ್ತು. ಐದು ಎಚ್‌ಪಿ ಮೋಟಾರು ಸುತ್ತಿ ಬೆನ್ನು ನೋಯಿಸಿಕೊಂಡ ಆ ಹಿರಿಯರು ಬಹಳ ಹೊತ್ತು ಅದನ್ನೇ ನೋಡಿ, “ಇಷ್ಟ ಸುತ್ತಿದ್ರೂ ನೀರ ಎತ್ತೂದುಲ್ಲ” ಎಂದರು. ಪಿಕಪ್ಪನ್ನು ತಂತಿಗೆ ತೀರ ಹತ್ತಿರ ತಂದರೆ ದನಿ ಜೋರಾಗುತ್ತದೆ, ಆದರೆ ಆಯಸ್ಕಾಂತ ತಂತಿಯನ್ನೇ ಹಿಡಿದೆಳೆದು ಶ್ರುತಿಯನ್ನು ಅಲುಗಾಡಿಸುತ್ತದೆ. ಅಲ್ಲೂ ಒಂದು ಸ್ಕ್ರೂ.

ಗಿಟಾರನ್ನು ಸ್ಪೀಕರಿಗೆ ಸಿಕ್ಕಿಸಿದ ಕೂಡಲೆ, ಯಾರೂ ನುಡಿಸದಿದ್ದರೂ, ಗುಂಯ್ ಎಂಬ ದನಿ. ಹುಕ್ಕೇರಿ ತಾಲ್ಲೂಕಿಗೆ ಒಂದು ವಿಶೇಷವಿದೆ: ಇಲ್ಲಿ ಕರೆಂಟು ಹಂಚುವುದಕ್ಕೆ 1969ರಿಂದ ಒಂದು ಗ್ರಾಮೀಣ ವಿದ್ಯುತ್ ಸಹಕಾರಿ ಸಂಘವಿದೆ, ದೇಶದಲ್ಲಿ ಇಂಥವು ಬೆರಳೆಣಿಕೆಯಷ್ಟು. ಗುಂಯ್ ಎನ್ನುವುದಕ್ಕೆ ಸಹಕಾರ ತತ್ತ್ವ ಕಾರಣವಲ್ಲ. ಇಡೀ ಭಾರತದ ಕರೆಂಟು ಸೆಕೆಂಡಿಗೆ 50 ಸಲ ಹಿಂದುಮುಂದಾಗುತ್ತದೆ, ಒಂಟಿ ಸುರುಳಿಯ ಪಿಕಪ್ಪು ಅದನ್ನೂ ಕೇಳಿಸಿಕೊಂಡು ಹಾಡುತ್ತದೆ. 50 ಹರ್ಟ್ಸ್ ಎಂದರೆ ಪಾಶ್ಚಾತ್ಯರ ಲೆಕ್ಕದಲ್ಲಿ ಜಿ ಸ್ವರಕ್ಕಿಂತ ಒಂದು ಚೂರು ಏರು. ಅಮೆರಿಕದಲ್ಲಿ ಕರೆಂಟು 60 ಹರ್ಟ್ಸ್. ಅದು ಬಿಗೂ ಸಲ್ಲದೆ ಅದರ ಕೆಳಗಿನ ಸ್ವರಕ್ಕೂ ಸಲ್ಲದೆ ನಡುವೆ ನಿಲ್ಲುತ್ತದೆ. ನಮಗೆ ಪುಕ್ಕಟೆಯಾಗಿ ಒಂದು ಶ್ರುತಿಪೆಟ್ಟಿಗೆ ಸಿಕ್ಕಿತಲ್ಲ ಎಂದು ನಾನು ಸಮಾಧಾನಪಟ್ಟೆ. ಎರಡು ಸುರುಳಿಗಳನ್ನು ಒಂದಕ್ಕೊಂದು ಎದುರಾಗಿ ಜೋಡಿಸಿ ಈ ಗುಂಯ್ ಅನ್ನು ಹೊಡೆದು ಹಾಕುವ ಹಂಬಕರ್ ಎಂಬ ಪಿಕಪ್ಪನ್ನು ಗಿಬ್ಸನ್ನಿನ ಸೆತ್ ಲವರ್ 1955ರಲ್ಲೇ ರೂಪಿಸಿದ್ದ. ಅದು ಬೇರೆ ಗಿಟಾರಿನ ಮಾತು. ಈ ಗಿಟಾರಿನವರು ತಂತಿಯ ಮೇಲೆ ಕೈಯಿಟ್ಟು ಗುಂಯ್ ಅನ್ನು ತಗ್ಗಿಸಿಕೊಳ್ಳುತ್ತಾರೆ.

ಕೊನೆಯದು ಇಂಟೊನೇಷನ್. ತಂತಿಯ ಉದ್ದ ಇಪ್ಪತ್ತೈದೂವರೆ ಇಂಚು, ಅಂದರೆ 648 ಮಿಲಿಮೀಟರ್. ಅದರ ನಟ್ಟನಡುವೆ ಹನ್ನೆರಡನೆಯ ಫ್ರೆಟ್. ಲೆಕ್ಕದ ಪ್ರಕಾರ ಅಲ್ಲಿ ಒತ್ತಿದರೆ ಮೇಲಿನ ಷಡ್ಜವೇ ಬರಬೇಕು. ಆದರೆ ಒತ್ತುವಾಗ ತಂತಿ ತುಸು ಹಿಗ್ಗಿ ಬಿಗಿಯಾಗುತ್ತದೆ, ಸ್ವರ ಏರುತ್ತದೆ. ದಪ್ಪ ತಂತಿಗೆ ಹೆಚ್ಚು, ಸಣ್ಣದಕ್ಕೆ ಕಡಿಮೆ. ಅದಕ್ಕಾಗಿ ತಂತಿ ಕೂಡುವ ಸ್ಯಾಡಲ್ಲನ್ನು ಒಂದಿಷ್ಟು ಹಿಂದೆ ಸರಿಸಿ ಉದ್ದವನ್ನೇ ಹೆಚ್ಚಿಸುತ್ತಾರೆ. ಒತ್ತದೆ ಬರೀ ಬೆರಳು ತಾಗಿಸಿ ಹೊಮ್ಮಿಸಿದ ಸ್ವರವನ್ನೂ ಒತ್ತಿ ಹೊಮ್ಮಿಸಿದ ಸ್ವರವನ್ನೂ ಹೋಲಿಸಿ ನೋಡಿ, ಒತ್ತಿದ್ದು ಏರಿದ್ದರೆ ಹಿಂದೆ, ಇಳಿದಿದ್ದರೆ ಮುಂದೆ. ಹುಡುಗ ಮೊಬೈಲಿನ ಟ್ಯೂನರ್ ಇಟ್ಟುಕೊಂಡು ಆರೂ ತಂತಿಗಳಿಗೆ ಹಸಿರು ದೀಪ ಬರಿಸಿ, ಗೆದ್ದೆ ಎನ್ನುವಂತೆ ಒಂದು ಕಾರ್ಡ್ ಬಾರಿಸಿದ.

ಆ ಹೊತ್ತಿಗೆ ನಮ್ಮ ಓಣಿಯ ಭಜನಾ ಮೇಳದ ಹಾರ್ಮೋನಿಯಂ ಮಾಸ್ತರರು ಚಹಾಕ್ಕೆ ಬಂದಿದ್ದರು. ಬಸಿ ಕೆಳಗಿಟ್ಟು, “ಗಾಂಧಾರ ಏರೈತಿ” ಎಂದರು. ಹುಡುಗ ಮೊಬೈಲ್ ತೋರಿಸಿದ. “ಅದಕ್ಕೇನ ಗೊತ್ತು?” ಎಂದರು.

ಮಾಸ್ತರರು ಹೇಳಿದ್ದು ನಿಜ. ಗಿಟಾರಿನ ಫ್ರೆಟ್ಟುಗಳು ಸಪ್ತಕವನ್ನು ಹನ್ನೆರಡು ಸಮಪಾಲು ಮಾಡಿವೆ. ಅರ್ಧ ಸ್ವರವನ್ನು ನೂರು ಸೆಂಟ್ ಎಂದು ಎಣಿಸಿದರೆ ಅದರ ಗಾಂಧಾರ 400ರಲ್ಲಿ ನಿಲ್ಲುತ್ತದೆ. ತಂಬೂರಿಯ ಷಡ್ಜದೊಳಗಿಂದ ತಾನಾಗಿ ಕೇಳಿಸುವ ಗಾಂಧಾರ 386ರಲ್ಲಿದೆ. ಹದಿನಾಲ್ಕು ಸೆಂಟಿನ ಏರು. ಸೆಟಪ್ಪಿನ ಯಾವ ಸ್ಕ್ರೂನಿಂದಲೂ ಇದು ಇಳಿಯುವುದಿಲ್ಲ. ಒಂದು ಕಾರ್ಡಿಗಾಗಿ ಒಂದು ತಂತಿ ಇಳಿಸಿದರೆ ಇನ್ನೊಂದು ಕಾರ್ಡ್ ಜಗಳಕ್ಕೆ ಬರುತ್ತದೆ. ಸ್ವತಃ ಮಾಸ್ತರರ ಹಾರ್ಮೋನಿಯಂನ ಗಾಂಧಾರವೂ ಇಷ್ಟೇ ಏರಿದೆ, ಆಕಾಶವಾಣಿಯವರು 1940ರಿಂದ 1971ರವರೆಗೆ ಆ ಪೆಟ್ಟಿಗೆಯನ್ನು ಒಳಗೆ ಬಿಟ್ಟಿರಲಿಲ್ಲ ಎಂಬುದನ್ನು ಅವರ ಮುಂದೆ ಹೇಳುವ ಧೈರ್ಯ ಯಾರಿಗೂ ಬರಲಿಲ್ಲ. ಚಹಾ ಅರ್ಧ ಉಳಿದಿತ್ತು.

ಇದೇ ತಕರಾರನ್ನು ನೂರು ವರ್ಷದ ಹಿಂದೆ ನಮ್ಮ ನೆರೆಯಲ್ಲೇ ಬಹಳ ಗಂಭೀರವಾಗಿ ನಡೆಸಿದವರಿದ್ದರು. ಸಾಂಗಲಿಯ ಕೃಷ್ಣಾಜಿ ಬಲ್ಲಾಳ ದೇವಲ್ 1910ರಲ್ಲಿ ಇಪ್ಪತ್ತೆರಡು ಶ್ರುತಿಗಳ ಮೇಲೆ ಪುಸ್ತಕ ಬರೆದರು; ಬ್ರಿಟಿಷ್ ಅಧಿಕಾರಿ ಕ್ಲೆಮೆಂಟ್ಸ್ ಜೊತೆ ಸೇರಿ ಅಷ್ಟೂ ಶ್ರುತಿಗಳಿರುವ ಹಾರ್ಮೋನಿಯಂ ಮಾಡಿಸಿದರು. ಶ್ರುತಿಗಳನ್ನು ಹಾಡಿ ತೋರಿಸಲು ಅವರಿಗೆ ಸಿಕ್ಕವರು ಉಸ್ತಾದ್ ಅಬ್ದುಲ್ ಕರೀಂ ಖಾನರು. ಖಾನಸಾಹೇಬರು ನೆಲೆ ನಿಂತದ್ದು ಮಿರಜದಲ್ಲಿ. ಅವರ ಶಿಷ್ಯ ಕುಂದಗೋಳದ ಸವಾಯಿ ಗಂಧರ್ವರ ಮೂಲಕ ಆ ಗಾಂಧಾರ ಗಂಗೂಬಾಯಿ ಹಾನಗಲ್ಲರಿಗೂ ಭೀಮಸೇನ ಜೋಶಿಯವರಿಗೂ ಇಳಿಯಿತು. ಹಾಗಾಗಿ ನಮ್ಮ ಕಡೆ ಚಹಾ ಕುಡಿಯುತ್ತ ಕೂತವರಿಗೂ ಹದಿನಾಲ್ಕು ಸೆಂಟು ಕಿವಿಗೆ ಚುಚ್ಚಿದರೆ ಆಶ್ಚರ್ಯವಿಲ್ಲ.

ಮಿರಜದ ಹೆಸರು ಬಂದ ಮೇಲೆ ಹೋಗದೆ ಇರಲಾಗುವುದೇ? ಘಟಪ್ರಭಾದಲ್ಲಿ ರೈಲು ಹತ್ತಿದರೆ ರಾಯಬಾಗ, ಕುಡಚಿ, ಉಗಾರ ದಾಟಿ ಮಿರಜ. ಅಲ್ಲಿನ ಸಿತಾರ್‌ಮೇಕರ್ ಮನೆತನಗಳು ಸುಮಾರು 1850ರಿಂದ ಸಿತಾರ್, ತಂಬೂರಿ ಮಾಡುತ್ತ ಬಂದಿವೆ. ಹಿರಿಯರು ಆಯುಧಗಳಿಗೆ ಸಾಣೆ ಹಿಡಿಯುತ್ತಿದ್ದವರು. ಕತ್ತಿಗಳ ಕಾಲ ಮುಗಿದಾಗ ಕೈ ಸೋರೆಬುರುಡೆಯ ಕಡೆಗೆ ತಿರುಗಿತು. ಬುರುಡೆಗಳು ಬರುವುದು ಪಂಢರಪುರದ ಸೀಮೆಯಿಂದ. 2024ರಲ್ಲಿ ಮಿರಜದ ಸಿತಾರಿಗೂ ತಂಬೂರಿಗೂ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿತು.

ಒಂದು ಅಂಗಡಿಯಲ್ಲಿ ಹಿರಿಯ ಕುಶಲಕರ್ಮಿಯೊಬ್ಬರು ತಂಬೂರಿಯ ಜವಾರಿ ತೆಗೆಯುತ್ತಿದ್ದರು, ಅಂದರೆ ತಂತಿಗೆ ಝೇಂಕಾರ ಬರಿಸುತ್ತಿದ್ದರು. ತಂಬೂರಿಯ ಕುದುರೆ ಗಿಟಾರಿನ ಸ್ಯಾಡಲ್ಲಿನ ಹಾಗೆ ಚೂಪಲ್ಲ. ಎರಡು ಬೆರಳಗಲ, ಮೇಲ್ಮೈ ಕಂಡೂ ಕಾಣದಷ್ಟು ಇಳಿಜಾರು. ತಂತಿ ಆ ಇಳಿಜಾರನ್ನು ಸವರುತ್ತ ಆಡಬೇಕು. ಅವರು ಅರದಿಂದ ಒಮ್ಮೆ ಸವರಿ, ತಂತಿ ಮೀಟಿ, ತಂತಿಯ ಕೆಳಗೆ ಒಂದು ನೂಲಿನ ಎಳೆ ತೂರಿಸಿ ಕೂದಲೆಳೆಯಷ್ಟು ಹಿಂದೆ ಮುಂದೆ ಸರಿಸುತ್ತಿದ್ದರು. ಸತ್ತ ಹಾಗಿದ್ದ ತಂತಿ ಒಂದು ಜಾಗದಲ್ಲಿ ಝೇಂಕಾರ ಬಿಟ್ಟಿತು. ಅದೇ ಜುಯ್! ನಾವು ಗ್ಯಾರೇಜು, ಪೇಟೆ ಎಲ್ಲ ಸುತ್ತಿ ಓಡಿಸಿದ್ದ ಜುಯ್ ಅನ್ನು ಇಲ್ಲಿ ನೂಲು ಹಾಕಿ ಕರೆಯುತ್ತಿದ್ದರು. ಸಿ.ವಿ. ರಾಮನ್ 1921ರಲ್ಲಿ ಈ ಕುದುರೆಯ ಬಗ್ಗೆಯೇ ಒಂದು ಪ್ರಬಂಧ ಬರೆದಿದ್ದಾರೆ. ತಂತಿಯನ್ನು ಎಲ್ಲಿ ಮೀಟಿದರೆ ಯಾವ ಉಪಸ್ವರ ಹುಟ್ಟಬಾರದೆಂದು ಯುರೋಪಿನ ನಿಯಮ ಹೇಳುತ್ತದೆಯೋ ಆ ಉಪಸ್ವರವೂ ತಂಬೂರಿಯಲ್ಲಿ, ವೀಣೆಯಲ್ಲಿ ಹುಟ್ಟುತ್ತದೆ, ಕುದುರೆಯ ಆ ಸವರಾಟದಿಂದ ಎಂದು ತೋರಿಸಿದರು.

ಸಿತಾರಿನ ಫ್ರೆಟ್ಟುಗಳನ್ನೂ ನೋಡಿದೆವು. ದಾರದಿಂದ ಕಟ್ಟಿದ ಹಿತ್ತಾಳೆಯ ಕಮಾನುಗಳು. ಗಾಂಧಾರ ಏರಿದರೆ ಹೆಬ್ಬೆರಳಿನಿಂದ ಒಂದಿಷ್ಟು ನೂಕಿದರಾಯಿತು. ಹುಡುಗ ಹೊಟ್ಟೆಕಿಚ್ಚಿನಿಂದ ನೂಕಿ ನೋಡಿದ.

ಹಿರಿಯರು ಗಿಟಾರನ್ನು ಕೇಳಿ ಪಡೆದರು. ಒಂದೊಂದೇ ತಂತಿ ಮೀಟಿ, ಕಿವಿಯನ್ನು ಮರಕ್ಕೆ ಹಚ್ಚಿ ಆಲಿಸಿದರು. ಕುತ್ತಿಗೆ ಚೆನ್ನಾಗಿದೆ, ಎತ್ತರ ಚೆನ್ನಾಗಿದೆ, ಎಲುಬಿನ ಕೆಲಸ ಯಾರು ಮಾಡಿದರೋ ಅವರ ಕೈ ಚೆನ್ನಾಗಿದೆ ಎಂದರು. “ಆದರ ಜವಾರಿ ಪೂರಾ ಬಂದ್ ಐತಿ. ಖುಲಾ ಮಾಡಿ ಕೊಡ್ಲೇನು?” ಎಂದು ಅರ ಕೈಗೆತ್ತಿಕೊಂಡರು. ಹುಡುಗ ಗಿಟಾರನ್ನು ಹೆಚ್ಚುಕಡಿಮೆ ಕಸಿದುಕೊಂಡು ಚೀಲಕ್ಕೆ ಹಾಕಿ ಜಿಪ್ಪು ಎಳೆದ.

ರೈಲಿನಲ್ಲಿ ಕುಡಚಿಯವರೆಗೂ ಮಾತಿಲ್ಲ. ಆಮೇಲೆ ಮೊಬೈಲಿನಲ್ಲಿ ಏನೋ ಓದಿ, 1967ರಲ್ಲಿ ಅಮೆರಿಕದ ವಿನ್ಸೆಂಟ್ ಬೆಲ್ ಎಂಬಾತ ಕೋರಲ್ ಎಂಬ ಎಲೆಕ್ಟ್ರಿಕ್ ಸಿತಾರ್ ರೂಪಿಸಿದ್ದನಂತೆ, ಗಿಟಾರಿನ ಮೈಗೆ ಅಗಲವಾದ ಕುದುರೆ ಕೂಡಿಸಿ ಬೇಕೆಂದೇ ಜುಯ್ ಎನ್ನಿಸಿದ್ದನಂತೆ ಎಂದ. ಮನೆಗೆ ಬಂದವನೇ ಅಕ್ಕನ ಹೊಲಿಗೆ ಡಬ್ಬಿಯಿಂದ ನೂಲು ತೆಗೆದು ಸ್ಯಾಡಲ್ಲಿನ ಮೇಲೆ, ತಂತಿಯ ಕೆಳಗೆ ತೂರಿಸಿದ. ಝೇಂಕಾರ ಬರಲಿಲ್ಲ, ದನಿ ಮಂದವಾಯಿತು, ಅಷ್ಟೆ. ಸ್ಯಾಡಲ್ ಚೂಪಾಗಿರುವಾಗ ನೂಲು ಏನು ಮಾಡೀತು, ಅದಕ್ಕೆ ಅಗಲ ಬೇಕು, ಇಳಿಜಾರು ಬೇಕು. ಈಗ ಒಂದು ಅಗಲವಾದ ಎಲುಬಿನ ತುಂಡು ಹುಡುಕುತ್ತಿದ್ದಾನೆ. ಅಕ್ಕಸಾಲಿಗರನ್ನು ಕೇಳಿದ್ದಾಗಿದೆ. ಶ್ರಾವಣ ಮುಗಿಯಲಿ, ಮದುವೆ ಸೀಜನ್ನಿಗೆ ಮೊದಲು ಮಾಡಿಕೊಡುತ್ತೇನೆ ಎಂದಿದ್ದಾರಂತೆ.